ನೀರಿನ ಬೈಕಿಗೆ ಜಯಕ್ಕನ ಬ್ಯಾಟರಿ

ಭಾನುವಾರ ಬೆಳಗಿನ ಐದೂವರೆ. ಆದಿವಾಲದ ಹೆದ್ದಾರಿ ಬದಿಯ ಬ್ಯಾಟರಿ ಅಂಗಡಿಯ ಷಟರ್ ಅರ್ಧ ಮಾತ್ರ ಮೇಲೇರಿದೆ. ಒಳಗೆ ನಲವತ್ತೇಳರ ಜಯಕ್ಕ ಬಗ್ಗಿ ನಿಂತು ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಒಂದು ತುದಿಗೆ, ಕಪ್ಪು ಕಡ್ಡಿಯನ್ನು ಇನ್ನೊಂದು ತುದಿಗೆ ಹಿಡಿದಿದ್ದಾರೆ. ಮುಖ ತೊಳೆದಿಲ್ಲ, ಚಹಾ ಕುಡಿದಿಲ್ಲ. ಹನ್ನೆರಡು ಪಾಯಿಂಟ್ ಎಂಟು ವೋಲ್ಟ್, ಅಂದರೆ ಪೂರ್ತಿ ತುಂಬಿದೆ ಎಂದು ಮೀಟರ್ ತೋರಿಸುತ್ತದೆ. ನಂಬಿಕೆ ಸಾಲದೆ ಇನ್ನೊಮ್ಮೆ ಹಿಡಿಯುತ್ತಾರೆ. ಅದೇ ಅಂಕಿ. ಆಮೇಲಷ್ಟೇ ಹೊರಗೆ ಬಂದು ಮುಖಕ್ಕೆ ನೀರು ಹಾಕಿಕೊಳ್ಳುತ್ತಾರೆ.

"ಚಾರ್ಜರ್ ಬಿಚ್ಚಿದ ಕೂಡ್ಲೆ ನೋಡಿದ್ರೆ ಎಲ್ಲಾ ಬ್ಯಾಟರಿನೂ ಶೂರನೇ," ಎನ್ನುತ್ತಾರೆ ಜಯಕ್ಕ. "ರಾತ್ರಿಯೆಲ್ಲ ಸುಮ್ಕೆ ಬಿಟ್ಟು ಬೆಳಗ್ಗೆ ನೋಡ್ಬೇಕು. ಆಗ ನಿಜ ಹೇಳ್ತೈತೆ."

ಈ ಬ್ಯಾಟರಿ ಟ್ರ್ಯಾಕ್ಟರಿನದಲ್ಲ, ಲಾರಿಯದೂ ಅಲ್ಲ. ಮಾರಿಕಣಿವೆ ಜಲಾಶಯದ ಹಿನ್ನೀರಿನಲ್ಲಿ ವಿನೋದ್ ಎಂಬುವವರು ಓಡಿಸುವ ಜೆಟ್ ಸ್ಕೀಯದು. ಜಯಕ್ಕನ ಬಾಯಲ್ಲಿ ಅದು ನೀರಿನ ಬೈಕು. ಇವತ್ತು ಹತ್ತು ಗಂಟೆಗೆ ಹೊಳಲ್ಕೆರೆ ಕಡೆಯ ಬಿ.ದುರ್ಗದಿಂದ ಒಂದು ಕುಟುಂಬ ಅದರಲ್ಲಿ ಸುತ್ತಲು ಬರುತ್ತಿದೆ. ಗಾಡಿ ಕೈಕೊಟ್ಟರೆ ಹಿನ್ನೀರಿನ ದಂಡೆಯಲ್ಲಿ ಜಯಕ್ಕನ ಹೆಸರು ಎರಡನೇ ಸಲ ಕೆಡುತ್ತದೆ. ಮೂರನೇ ಅವಕಾಶವನ್ನು ಯಾರೂ ಕೊಡುವುದಿಲ್ಲ.

ಮೊದಲ ಸಲ ಕೆಟ್ಟ ಕಥೆಯನ್ನು ಅವರು ಮುಚ್ಚಿಡುವವರಲ್ಲ. ಕಳೆದ ವರ್ಷ ವಿನೋದ್ ಫೋನಿನಲ್ಲೇ ಬ್ಯಾಟರಿ ಕೇಳಿದ್ದರು. ಗಾಡಿಯನ್ನು ಕಣ್ಣಾರೆ ನೋಡಿರದ ಜಯಕ್ಕ, ಬೈಕಲ್ಲವೇ ಎಂದುಕೊಂಡು ರಸ್ತೆಯ ಬೈಕಿನ ಬ್ಯಾಟರಿಗೆ ಆಸಿಡ್ ತುಂಬಿಸಿ, ಟ್ರ್ಯಾಕ್ಟರ್ ಚಾರ್ಜರಿಗೆ ಒಂದು ಗಂಟೆ ಹಾಕಿ ಕಳಿಸಿಬಿಟ್ಟರು. ಸುತ್ತಲು ಬಂದವರನ್ನು ಹಿಂದೆ ಕೂರಿಸಿಕೊಂಡು ದಂಡೆಯಲ್ಲಿ ಗುರ್ರೆಂದು ಹೊರಟ ಗಾಡಿ ನಡುನೀರಿನಲ್ಲಿ, ಫೋಟೊ ತೆಗೆಯಲೆಂದು ಒಮ್ಮೆ ಆಫ್ ಮಾಡಿದ ಮೇಲೆ ಮತ್ತೆ ಉಸಿರೆತ್ತಲಿಲ್ಲ. ಅಲೆಯ ಕುಲುಕಾಟಕ್ಕೆ ಆಸಿಡ್ ಚೆಲ್ಲಿ ಒಳಗಿನ ತಂತಿಯನ್ನೂ ತಿಂದಿತ್ತು. ಕೊನೆಗೆ ಮೀನು ಹಿಡಿಯುವವರ ತೆಪ್ಪ ಹೋಗಿ ಎಳೆದು ತಂದಿತು. ಅಂದಿನಿಂದ ದಂಡೆಯ ನಾಲ್ಕೂ ಬೋಟಿನವರು ಆದಿವಾಲದ ಕಡೆ ತಲೆ ಹಾಕಲಿಲ್ಲ.

"ಅವತ್ತು ಉಣ್ಣಾಕೆ ಆಗ್ಲಿಲ್ಲ ನಂಗೆ," ಎಂದು ನೆನೆಯುತ್ತಾರೆ. "ಗಾಡಿ ನಂಬಿ ಹಿಂದೆ ಕುಂತಿದ್ರಲ್ಲ, ಅವರಿಗೇನಾದ್ರೂ ಆಗಿದ್ರೆ?"

ಬೇರೆಯವರಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಜಯಕ್ಕ ಮರುವಾರವೇ ಕರೆಯದೆ ದಂಡೆಗೆ ಹೋದರು. ಬೈಸಿಕೊಂಡರು. ಬೈದು ಮುಗಿದ ಮೇಲೆ ಸೀಟು ಎತ್ತಿಸಿ ಬ್ಯಾಟರಿ ಕೂರುವ ಗೂಡನ್ನು ಪೊರಕೆ ಕಡ್ಡಿಯಿಂದ ಅಳೆದುಕೊಂಡರು. ಪ್ಲಸ್ ತಂತಿ ಯಾವ ಬದಿಯಿಂದ ಬರುತ್ತದೆ, ಹಿಡಿದಿಡುವ ರಬ್ಬರ್ ಪಟ್ಟಿ ಎಲ್ಲಿದೆ, ಎಲ್ಲವನ್ನೂ ಬರೆದುಕೊಂಡರು. ಮಗುಚಿದರೂ ಚೆಲ್ಲದ, ಪೂರ್ತಿ ಸೀಲಾದ ಬ್ಯಾಟರಿಯೇ ಇದಕ್ಕೆ ಬೇಕು, ಇಂಜಿನ್ ಎಬ್ಬಿಸುವ ಕಸುವೂ ರಸ್ತೆಯ ಬೈಕಿನ ಎರಡರಷ್ಟಿರಬೇಕು ಎಂಬುದನ್ನು ಚಿತ್ರದುರ್ಗದ ವ್ಯಾಪಾರಿಗಳನ್ನು ಕಾಡಿ ಬೇಡಿ ಕಲಿತರು.

ಕಲಿಯುವುದು ಅವರಿಗೆ ಹೊಸದೂ ಅಲ್ಲ. ತಂದೆ ಜುಂಜಯ್ಯ ಕುರಿ ಮೇಯಿಸುತ್ತಿದ್ದವರು, ಮಗಳು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಅಂಗಡಿ ಹಾಕಿದ್ದು ಗಂಡ ರಂಗೇಶ್. ಒಂಬತ್ತು ವರ್ಷದ ಹಿಂದೆ ಅವರ ಸೊಂಟ ಹಿಡಿದುಕೊಂಡಿತು. ಇಪ್ಪತ್ತೈದು ಕಿಲೋ ತೂಗುವ ಟ್ರ್ಯಾಕ್ಟರ್ ಬ್ಯಾಟರಿ ಎತ್ತುವವರು ಯಾರು ಎಂಬ ಪ್ರಶ್ನೆ ಬಂದಾಗ ಜಯಕ್ಕ ಸೆರಗು ಸಿಕ್ಕಿಸಿದರು. ಈಗ ದಿನಕ್ಕೆ ಹನ್ನೆರಡರಿಂದ ಹದಿನೈದು ಬ್ಯಾಟರಿ ಅವರ ಕೈ ದಾಟುತ್ತವೆ. ಮುದ್ದೆ ತಿರುವುವುದು ರಂಗೇಶ್ ಪಾಲಿಗೆ ಬಂದಿದೆ. ಗಂಟಿಲ್ಲದ ಮುದ್ದೆ ಮಾಡಲು ಅವರಿಗೆ ಎರಡು ವರ್ಷ ಹಿಡಿಯಿತು, ತನಗೆ ಬ್ಯಾಟರಿ ಆರೇ ತಿಂಗಳಿಗೆ ಒಲಿಯಿತು ಎಂದು ಹೆಂಡತಿ ಕಿಚಾಯಿಸಿದರೆ ರಂಗೇಶ್ ನಕ್ಕು ಒಪ್ಪಿಕೊಳ್ಳುತ್ತಾರೆ.

ಮೊನ್ನೆ ಶುಕ್ರವಾರ ವಿನೋದ್ ಸತ್ತ ಬ್ಯಾಟರಿ ಹಿಡಿದು ತಾವಾಗಿಯೇ ಬಂದರು. ಈ ನಡುವೆ ಬ್ಯಾಟರಿಯನ್ನು ದೂರದಿಂದ ತರಿಸುತ್ತಿದ್ದ ಅವರಿಗೆ ಭಾನುವಾರದೊಳಗೆ ಹಾಗೆ ತರಿಸಲು ಸಮಯವಿರಲಿಲ್ಲ. ಜಯಕ್ಕ ಫೋನ್ ಮಾಡಿದ್ದಕ್ಕೆ ಚಿತ್ರದುರ್ಗದಿಂದ ಹೊಸ ಬ್ಯಾಟರಿ ಸಂಜೆಯ ಬಸ್ಸಿಗೆ ಬಂದಿಳಿಯಿತು. ಹೊಸದಲ್ಲವೇ, ಹಾಗೆಯೇ ಕೊಡಿ ಎಂದು ವಿನೋದ್ ಅವಸರ ಮಾಡಿದರು. ಜಯಕ್ಕ ಮೀಟರ್ ಹಿಡಿದು ತೋರಿಸಿದರು. ಗೋದಾಮಿನಲ್ಲಿ ಕೂತೇ ಸೊರಗಿತ್ತು. ಹಾಗಾದರೆ ದೊಡ್ಡ ಚಾರ್ಜರಿಗೆ ಅರ್ಧ ಗಂಟೆ ಹಾಕಿ ಎಂದರು ವಿನೋದ್. ಅದಕ್ಕೂ ಒಪ್ಪಲಿಲ್ಲ.

"ಹಸಿದ ಮರಿಗೆ ಒಂದೇ ಸಾರಿ ಹಾಲು ಕುಡಿಸಿದ್ರೆ ಹೊಟ್ಟೆ ಉಬ್ಬರಿಸ್ತೈತೆ. ಇದೂ ಅಂಗೇಯ. ಎರಡೇ ಆಂಪ್ ಕರೆಂಟಿನಾಗೆ ನಿಧಾನಕ್ಕೆ ಕುಡೀಲಿ. ಅವಸರ ಇದ್ರೆ ಬ್ಯಾರೆ ಕಡೆ ನೋಡ್ರಿ."

ವಿನೋದ್ ಮುಖ ಗಂಟು ಹಾಕಿಕೊಂಡೇ ಹೋದರು. ಶನಿವಾರ ಬೆಳಗ್ಗೆ ಏಳಕ್ಕೆ ಸಣ್ಣ ಚಾರ್ಜರಿಗೆ ಹಾಕಿದ್ದನ್ನು ಜಯಕ್ಕ ಸಂಜೆಗೇ ಬಿಚ್ಚಿದ್ದು. ನಡುನಡುವೆ ಮುಟ್ಟಿ ನೋಡುತ್ತಿದ್ದರು. ಬಿಸಿಯಾಗಬಾರದು, ಬಿಸಿಯಾದರೆ ಎಲ್ಲೋ ತಪ್ಪಿದೆ ಎಂದು ಅರ್ಥ.

ಎಂಟೂವರೆಗೆ ದಂಪತಿಯ ಸ್ಕೂಟರ್ ಹಿನ್ನೀರಿನ ದಂಡೆ ತಲುಪುತ್ತದೆ. ಬ್ಯಾಟರಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿರುವ ಜಯಕ್ಕ ತಾವೇ ಗೂಡಿನಲ್ಲಿ ಕೂರಿಸುತ್ತಾರೆ. ಮೊದಲು ಪ್ಲಸ್, ಆಮೇಲೆ ಮೈನಸ್. ಬೋಲ್ಟ್ ಬಿಗಿದು, ತುಕ್ಕು ಹಿಡಿಯದಂತೆ ವ್ಯಾಸಲಿನ್ ಸವರಿ, ರಬ್ಬರ್ ಪಟ್ಟಿ ಎಳೆದು ಕಟ್ಟುತ್ತಾರೆ. ಗಾಡಿ ನೀರಿಗಿಳಿದು, ಗುಂಡಿಯ ಒಂದೇ ಒತ್ತಿಗೆ ಇಂಜಿನ್ ಏಳುತ್ತದೆ.

ವಿನೋದ್ ಮಾತ್ರ ನಗುವುದಿಲ್ಲ. ಹೋದ ಸಲವೂ ದಂಡೆಯಲ್ಲಿ ಹೀಗೆಯೇ ಹೊರಟಿತ್ತು ಎನ್ನುತ್ತಾರೆ. ಮಕ್ಕಳಿರುವ ಕುಟುಂಬ, ಕರೆದೊಯ್ಯಲು ಧೈರ್ಯ ಸಾಲದು. ಮಾತು ಸುಳ್ಳಲ್ಲ. ಜಯಕ್ಕ ಒಂದು ಗಳಿಗೆ ನೀರನ್ನೇ ನೋಡುತ್ತಾರೆ. ಈಜು ಬರುವುದಿಲ್ಲ. ಮೊಣಕಾಲಿಗಿಂತ ಮೇಲಿನ ನೀರಿಗೆ ಹುಟ್ಟಿದಾಗಿನಿಂದ ಇಳಿದಿಲ್ಲ.

"ಆ ಅಂಗಿ ಕೊಡ್ರಿ ಇಲ್ಲಿ," ಎಂದು ಲೈಫ್ ಜಾಕೆಟ್ಟಿಗೆ ಕೈ ಚಾಚುತ್ತಾರೆ. "ಮೊದ್ಲು ನಾನು ಕುಂತ್ಕಂತೀನಿ. ಅವತ್ತು ನಿಂತಿತ್ತಲ್ಲ, ಅಲ್ಲಿಗೇ ಹೋಗಾಣ."

ರಂಗೇಶ್ ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ ಸೀರೆಯ ಮೇಲೆ ಕಿತ್ತಳೆ ಜಾಕೆಟ್ ಏರಿಬಿಟ್ಟಿದೆ. ವಿನೋದ್ ಅವರ ಹೆಗಲನ್ನು ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿಕೊಂಡೇ ಹೊರಡುತ್ತಾರೆ. ನಡುನೀರಿನಲ್ಲಿ ವಿನೋದ್ ಇಂಜಿನ್ ನಿಲ್ಲಿಸುತ್ತಾರೆ. ದಂಡೆಯಲ್ಲಿ ಮೂವರು ಬೋಟಿನವರು ಎದ್ದು ನಿಂತು ನೋಡುತ್ತಿದ್ದಾರೆ. ಗಾಡಿ ಅಲೆಗೆ ತೂಗುತ್ತದೆ. ಜಯಕ್ಕ ಕಣ್ಣು ಬಿಟ್ಟು, ವಿನೋದ್ ಅವರ ಪಕ್ಕದಿಂದ ಕೈ ಚಾಚಿ ಹಸಿರು ಗುಂಡಿಯನ್ನು ತಾವೇ ಒತ್ತುತ್ತಾರೆ.

ಏಳುತ್ತದೆ. ನಿಲ್ಲಿಸಿ ಮತ್ತೆ ಒತ್ತುತ್ತಾರೆ, ಏಳುತ್ತದೆ. ಹೀಗೆ ಐದು ಸಲ. ದಂಡೆಯಿಂದ ಶಿಳ್ಳೆ ಬೀಳುತ್ತದೆ. ಬೋಟಿನವರಲ್ಲಿ ಒಬ್ಬರು ಆಗಲೇ ರಂಗೇಶ್ ಬಳಿ ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ವಿಚಾರಿಸುತ್ತಿದ್ದಾರೆ. ತಪ್ಪಾಯಿತು ಜಯಕ್ಕ, ಇನ್ನು ದಂಡೆಗೆ ಹೋಗೋಣ ಎಂದು ವಿನೋದ್ ಗಾಡಿ ತಿರುಗಿಸುತ್ತಾರೆ. ಒದ್ದೆ ಮುಖ ಒರೆಸಿಕೊಂಡ ಜಯಕ್ಕ ಅವರ ಹೆಗಲು ತಟ್ಟುತ್ತಾರೆ.

"ಇನ್ನೊಂದ್ ಸುತ್ತು ಹೋಗಾಣ ತಡೀರಿ. ಇಲ್ಲೀ ತನಕ ಬ್ಯಾಟರಿಗೋಸ್ಕರ ಕುಂತಿದ್ದೆ. ಇದು ನಂಗೆ."