ಅತ್ತೆಯ ಎರಡು ಗಡ್ಡೆಗಳು

ಅರಸೀಕೆರೆಯಲ್ಲಿ ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಹಾಗಾಗಿ ನಮ್ಮ ವಂಶದಲ್ಲಿ ಯಾರಿಗೆ ನೆಗಡಿಯಾದರೂ ಡಾಕ್ಟರಿಗಿಂತ ಮೊದಲು ನನ್ನ ಅಭಿಪ್ರಾಯ ಬೇಕು. ಕೊಡುವ ಚಪಲ ನನಗೂ ಇತ್ತು.

ಹಗರೆಯಲ್ಲಿರುವ ನನ್ನ ಸೋದರತ್ತೆಗೆ ಕಿವಿಯ ಕೆಳಗೆ ಗಡ್ಡೆ ಎದ್ದು, ಅದು ಜೊಲ್ಲುಗ್ರಂಥಿಯ ಅಪರೂಪದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ನಿಗೆ ಮುಂಚೆ ಮಾಡಿದ ಸ್ಕ್ಯಾನಿನಲ್ಲಿ ಸಣ್ಣ ಕರುಳಿನಲ್ಲೂ ಒಂದು ಗಡ್ಡೆ ಕಂಡಿತು. ಹರಡಿರಬಹುದು ಎಂದು ಸಂಶಯಪಟ್ಟು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಕಾಯುವಷ್ಟು ತಾಳ್ಮೆ ನನಗೆಲ್ಲಿ? ಅತ್ತೆಯ ಜಗಲಿಯ ಮೇಲೆ ಕೂತು, ಹರಡಿದೆ ಎಂದು ಹೇಳಿಯೇಬಿಟ್ಟೆ.

ಅತ್ತೆ ಅಳಲಿಲ್ಲ. ‘ಹಂಗಾದ್ರೆ ಕೊಯ್ಸಿಕೊಂಡು ಏನ್ ಮಾಡ್ಲಿ ಬಿಡು’ ಎಂದು ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕಿದಳು. ಇನ್ನು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂದು ಹಟ ಹಿಡಿದಳು. ನೆಂಟರು ಬ್ರೆಡ್ಡು, ಮೂಸಂಬಿ ಹಿಡಿದು ಮುಖ ನೋಡಲು ಬರತೊಡಗಿದರು. ‘ಇಷ್ಟು ಮೂಸಂಬಿ ತಿಂದ್ರೆ ಅದ್ರಿಂದ್ಲೇ ಹೋಯ್ತೀನಿ’ ಎಂದು ಅವರನ್ನೇ ನಗಿಸುತ್ತಿದ್ದಳು.

ಮುಂದಿನ ವಾರ ಹಸುವನ್ನು ಹುಲಿಕೆರೆಯ ತಂಗಿಗೆ ಕೊಟ್ಟಳು. ಹಸು ಕೊಟ್ಟರೂ ಹಗ್ಗ ಉಳಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಕೊಟ್ಟಿಗೆಗೆ ಇನ್ನೊಂದು ಹಸು ಬರಬೇಕಲ್ಲ. ಅತ್ತೆ ಹಗ್ಗದ ಸಮೇತ ಕೊಟ್ಟಿದ್ದಳು. ಕೊಟ್ಟಿಗೆಯಲ್ಲಿ ಬರೀ ಗೂಟ ಉಳಿದಿತ್ತು.

ಆಮೇಲೆ ಫಲಿತಾಂಶ ಬಂತು. ತರಲು ಆಸ್ಪತ್ರೆಗೆ ನಾನೇ ಹೋದೆ. ಕರುಳಿನದು ಬೇರೆಯೇ ಕ್ಯಾನ್ಸರ್, ಅದೂ ಅಪರೂಪದ್ದು, ಎರಡಕ್ಕೂ ಸಂಬಂಧವಿಲ್ಲ, ಎರಡೂ ಹುಟ್ಟಿದ ಜಾಗದಲ್ಲೇ ಇವೆ, ಎರಡನ್ನೂ ತೆಗೆಯಬಹುದು ಎಂದರು ಡಾಕ್ಟರು. ಒಬ್ಬರಲ್ಲೇ ಇವೆರಡೂ ಸೇರಿದ್ದನ್ನು ಅವರೂ ನೋಡಿರಲಿಲ್ಲವಂತೆ. ಎರಡು ಕ್ಯಾನ್ಸರ್ ಇದೆ ಎಂದು ಕೇಳಿ ಖುಷಿಪಟ್ಟವನು ಆ ಆಸ್ಪತ್ರೆಯಲ್ಲಿ ನಾನೊಬ್ಬನೇ ಇರಬೇಕು. ರಿಪೋರ್ಟು ಹಿಡಿದು ಹಗರೆಗೆ ಮೊದಲು ಸಿಕ್ಕ ಬಸ್ಸು ಹತ್ತಿದೆ.

‘ನಾನು ಹೇಳಿದ್ದು ತಪ್ಪು ಅತ್ತೆ, ಹರಡಿಲ್ಲ’ ಎಂದೆ. ಎರಡು ರೋಗ, ಎರಡು ಆಪರೇಷನ್ ಎಂದು ಎಲ್ಲ ಬಿಡಿಸಿ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

‘ಹರಡಿಲ್ಲ ಅಂತ ಅದ್ರಲ್ಲಿ ಬರ್ದೈತಾ?’

‘ಬರೆದಿದೆ.’

‘ಓದು.’

ಇಂಗ್ಲಿಷ್ ಬಾರದ ಅತ್ತೆಗೆ ಓದಿ, ಕನ್ನಡದಲ್ಲೂ ಹೇಳಿದೆ.

‘ಇನ್ನೊಂದ್ಸಲ ಓದು ಕಣೋ.’

ಮೂರನೆಯ ಸಲ ಓದುವಾಗ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.

‘ಬದುಕ್ಬೇಕು ಅಂತ ಬಾಳ ಆಸೆ ಐತೆ ಕಣೋ ನಂಗೆ’ ಎಂದಳು.