ತಡಕಪ್ಪನ ಮಗಳ ಅಂಗಿ

"ನಾನು ಹೇಳ್ತೀನಿ ಕೇಳಿ ದೊಡ್ಡಮ್ಮ. ಯೂನಿಫಾರ್ಮಿನ ಅಂಗಡಿಯವರಲ್ಲಿ ಎರಡೇ ಥರ. ಚಿಕ್ಕದು ಕೊಟ್ಟು ಅರ್ಧ ವರ್ಷಕ್ಕೇ ಮತ್ತೆ ಬರೋ ಹಾಗೆ ಮಾಡೋರು ಒಂದು. ದೊಡ್ಡದು ಕೊಟ್ಟು, ಬಟ್ಟೆ ಜಾಸ್ತಿ ಹಿಡೀತು ಅಂತ ಕೈ ಚಾಚೋರು ಇನ್ನೊಂದು. ಇನ್ನು ಸರಿಯಾದ ಅಳತೆ ಕೊಡ್ತಾರಲ್ಲ, ಅವರನ್ನ ಇನ್ನೂ ಹುಷಾರಾಗಿ ನೋಡ್ಬೇಕು. ಏನು ಹೊಂಚ್ತಿದಾರೆ ಅಂತಾನೇ ಗೊತ್ತಾಗಲ್ಲ. ಅದಕ್ಕೇ ನಾನು ಮಗೂನ ಅಂಗಡಿ ಒಳಗೆ ಬಿಡೋದಿಲ್ಲ. ಬಿಟ್ರೆ ಕನ್ನಡಿ ಮುಂದೆ ನಿಲ್ಲಿಸ್ತಾರೆ, ಎಷ್ಟು ಚೆನ್ನಾಗಿ ಕಾಣ್ತೀಯ ಪುಟ್ಟಾ ಅಂತಾರೆ, ಮಗು ಬೆಣ್ಣೆ ಥರ ಕರಗುತ್ತೆ. ಆಮೇಲೆ ನನ್ನ ಮಾತು ಎಲ್ಲಿ ನಡೆಯುತ್ತೆ? ಮನೇಲೇ ದಾರ ಹಿಡಿದು ಅಳೀತೀನಿ. ಕತ್ತಿಂದ ಸೊಂಟದ ಕೆಳಗೆ ಒಂದು ಗಂಟು, ಭುಜದಿಂದ ಮಣಿಕಟ್ಟಿಗೆ ಒಂದು, ಸೊಂಟದಿಂದ ಮಂಡಿಗೆ ಒಂದು. ದಾರ ಸುಳ್ಳು ಹೇಳಲ್ಲ. ಮನುಷ್ಯರು ಹೇಳ್ತಾರೆ, ಟೇಪೂ ಹೇಳುತ್ತೆ, ಎಳೆದೂ ಎಳೆದೂ ಜೋತು ಬಿದ್ದಿರುತ್ತೆ ಅದು. ನಮ್ಮ ಗೇಟಲ್ಲಿ ದಿನಾ ನೋಡ್ತೀನಲ್ಲ. ಒಳಗೆ ಹೋಗೋವಾಗ ತೆಳ್ಳಗಿದ್ದೋನು ಹೊರಗೆ ಬರೋವಾಗ ದಪ್ಪಗಿದ್ರೆ, ಚೆನ್ನಾಗಿ ಉಂಡಿದಾನೆ ಅಂತ ಅಲ್ಲ. ಹೊಟ್ಟೆಗೆ ಏನೋ ಕಟ್ಕೊಂಡಿದಾನೆ ಅಂತ ಅರ್ಥ."

ಹೀಗೆ ಹೇಳಿದವನು ನಮ್ಮ ಮಹಡಿಯಲ್ಲಿ ನನ್ನ ಬಾಗಿಲಿಗೆ ಎದುರು ಬಾಗಿಲಿನವನು. ಬೀಗ ಮಾಡುವ ಕಾರ್ಖಾನೆಯ ಗೇಟಿನಲ್ಲಿ ತಪಾಸಣೆ ಅವನ ಕೆಲಸ. ಕೆಲಸ ಮುಗಿಸಿ ಹೊರಡುವವರು ಸಾಲಾಗಿ ಬಂದು ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ಇವನು ಕಂಕುಳು, ಸೊಂಟ, ಜೇಬು, ಕಾಲುಚೀಲ ಎಲ್ಲ ತಡಕಿ ನೋಡಿ ಬೆನ್ನು ತಟ್ಟಿ ಕಳಿಸಬೇಕು. ಹಿತ್ತಾಳೆಯ ತುಂಡು, ಬೀಗದ ಕೈ, ಸ್ಪ್ರಿಂಗು, ಏನೂ ಆಚೆ ಹೋಗಬಾರದು. ಅಲ್ಲಿಯ ಜನ ಅವನಿಗೆ ತಡಕಪ್ಪ ಎಂದು ಹೆಸರಿಟ್ಟಿದ್ದರು. ಆ ಹೆಸರು ಅವನಿಗಿಂತ ಮುಂಚೆ ಬಸ್ಸು ಹಿಡಿದು ನಮ್ಮ ಬೀದಿಗೆ ಬಂದುಬಿಟ್ಟಿತ್ತು.

ಕೆಟ್ಟವನಲ್ಲ. ನನ್ನ ಮೊಣಕಾಲು ಹಿಡಿದುಕೊಂಡಾಗ ಅಂಗಡಿ ಸಾಮಾನೆಲ್ಲ ಅವನೇ ಹೊತ್ತು ತಂದುಕೊಟ್ಟವನು. ಆದರೆ ತಂದದ್ದನ್ನು ಮೊದಲು ತಾನು ಮೂಸಿ, ಒತ್ತಿ, ಬೆಳಕಿಗೆ ಹಿಡಿದು ನೋಡಿದ ಮೇಲೆಯೇ ನನ್ನ ಕೈಗೆ ಕೊಡುತ್ತಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಒಬ್ಬ ಊಟದ ಡಬ್ಬಿಯ ತಳದಲ್ಲಿ ಬೀಗಗಳನ್ನಿಟ್ಟು, ಮೇಲೆ ಅನ್ನ ಹರಡಿ, ನಗುನಗುತ್ತಾ ಇವನ ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿಕೊಂಡೇ ದಾಟಿಹೋದನಂತೆ. ಇವನ ಕೆಲಸ ಹೋಗುವುದೊಂದು ಬಾಕಿ. ಅಂದಿನಿಂದ ನಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಕಣ್ಣು. ಮನೆಗೆ ಹೊರಡುವಾಗ ತನ್ನ ಚೀಲವನ್ನೂ ಜೊತೆಯ ಕಾವಲುಗಾರನ ಮುಂದೆ ಸುರಿದು ತೋರಿಸುತ್ತಿದ್ದನಂತೆ, ಆತ ಬೇಡವೆಂದರೂ. ಬೇಡ ಅನ್ನುವವನ ಮೇಲೂ ಇವನಿಗೆ ಒಂದು ಕಣ್ಣು.

ಹೆಂಡತಿ ಬೇಕರಿಯಲ್ಲಿ ಬ್ರೆಡ್ಡು ಕಟ್ಟುವ ಕೆಲಸಕ್ಕೆ ಹೋಗುತ್ತಿದ್ದಳು. ಮಾತು ಕಡಿಮೆ. ಇಂಥ ಗಂಡನ ಜೊತೆ ಬಾಳುವವಳಿಗೆ ಮಾತು ಕಡಿಮೆ ಇದ್ದಷ್ಟೂ ಕ್ಷೇಮ ಎಂದು ಅವಳೇ ನಕ್ಕು ಹೇಳಿದ್ದಳು. ಒಬ್ಬಳೇ ಮಗಳು. ಹುಟ್ಟುವಾಗ ಚೋಟುದ್ದ ಇದ್ದಳೆಂದು ಚೋಟು ಎಂದೇ ಕರೆಯುತ್ತಿದ್ದರು. ಓದಿನಲ್ಲಿ ಚುರುಕು. ಶಾಲೆಯಿಂದ ಬಂದವಳು ನನ್ನ ಬಾಗಿಲಲ್ಲಿ ಕೂತು, ಟೀಚರು ಕೇಳಿದ್ದೇನು, ತಾನು ಎಲ್ಲರಿಗಿಂತ ಮೊದಲು ಕೈ ಎತ್ತಿ ಹೇಳಿದ್ದೇನು, ಒಂದನ್ನೂ ಬಿಡದೆ ಒಪ್ಪಿಸುತ್ತಿದ್ದಳು. ನನಗೆ ಅರ್ಥವಾದದ್ದು ಅಷ್ಟಕ್ಕಷ್ಟೇ, ಆದರೂ ಕೇಳಲು ಹಿತ.

ಆ ಸಲ ಶಾಲೆ ಶುರುವಾಗುವ ಮುಂಚೆ ಅವನು ದಾರದ ಉಂಡೆ ಜೇಬಿಗಿಟ್ಟುಕೊಂಡು ಯೂನಿಫಾರ್ಮಿನ ಅಂಗಡಿಗೆ ಹೋದ. ಆ ಶಾಲೆಯ ಬಟ್ಟೆ ಸಿಗುವುದು ಅದೊಂದೇ ಅಂಗಡಿಯಲ್ಲಿ. ನಡೆಸುವವಳು ಸದಾ ಕೊರಳಿಗೆ ಟೇಪು ಹಾಕಿಕೊಂಡಿರುವ ಹೆಂಗಸು. ಟೇಪಮ್ಮ ಎಂದೇ ಮಕ್ಕಳ ಬಾಯಲ್ಲಿ. ಮಗಳನ್ನು ಹೊರಗೆ ಮೆಟ್ಟಿಲ ಮೇಲೆ ನಿಲ್ಲಿಸಿ ಇವನು ದಾರ ಬಿಚ್ಚಿದನಂತೆ. ಟೇಪಮ್ಮ ದಾರವನ್ನು ನೋಡಿ, ಮಗೂನ ಕರ್ಕೊಂಡು ಬನ್ನಿ, ಈ ವಯಸ್ಸಲ್ಲಿ ಮಕ್ಕಳು ಉದ್ದಕ್ಕಿಂತ ಮೊದಲು ಅಗಲಕ್ಕೆ ಬೆಳೀತಾರೆ, ಒಂದು ಸೈಜು ದೊಡ್ಡದೇ ತಗೊಳ್ಳಿ ಎಂದಳಂತೆ. ಅಷ್ಟೇ ಸಾಕಾಯಿತು. ಒಳಗೆ ಬರೋದು ಬೇಡ ಅಂತ ನಾನು ಹೊರಗೆ ನಿಲ್ಲಿಸಿದ ಮಗೂನ ಯಾಕೆ ಕರೀತಿದೀರ, ಕತ್ತಿನ ಪಟ್ಟಿ ಮೇಲಿನ ನಂಬರು ಅಳಿಸಿ ಬರೆದ ಹಾಗಿದೆಯಲ್ಲ, ಹೋದ ವರ್ಷದ ಮಾಲು ಈ ವರ್ಷ ಸಾಗಿಸ್ತಿದೀರಾ, ಎಂದು ಶುರುವಾದವನು, ಸಾಲಿನಲ್ಲಿದ್ದ ಅಪ್ಪ ಅಮ್ಮಂದಿರೆಲ್ಲ ತಿರುಗಿ ನೋಡುವಷ್ಟು ಜಗಳ ಮಾಡಿ, ತನ್ನ ದಾರ ಹೇಳಿದ ಅಳತೆಯನ್ನೇ ತಂದ. ಸಾಲಿನಲ್ಲಿ ಚೋಟುವಿನ ತರಗತಿಯ ಹುಡುಗಿಯರೂ ಇದ್ದರು. ಇದನ್ನು ನನಗೆ ಅವನೇ ಗೆದ್ದು ಬಂದವನಂತೆ ಹೇಳಿದ. ಚೋಟು ಮಾತ್ರ ಅಂದು ನನ್ನ ಬಾಗಿಲಿಗೆ ಬರಲಿಲ್ಲ.

ಮೊದಮೊದಲು ಅಂಗಿ ಮೈಗೆ ಎರಕ ಹೊಯ್ದ ಹಾಗೆ ಕೂತಿತ್ತು. ಅವನು ಅದನ್ನು ಮಹಡಿಯವರಿಗೆಲ್ಲ ತೋರಿಸಿದ. ಕೆಲವು ತಿಂಗಳಾದ ಮೇಲೆ ಸೆಕೆಯಲ್ಲೂ ಹುಡುಗಿ ಸ್ವೆಟರು ಹಾಕಿಕೊಂಡು ಶಾಲೆಗೆ ಹೋಗತೊಡಗಿದಳು. ಬೀದಿನಾಯಿಗಳೂ ನೆರಳು ಹುಡುಕುವ ಬಿಸಿಲು, ಇವಳು ಬೆವರು ಸುರಿಸುತ್ತಾ ಗುಂಡಿ ಬಿಚ್ಚದೆ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವನು ಬಾಗಿಲಲ್ಲಿ ನಿಂತರೆ ತಾಯಿ ಮಗಳ ಮಾತು ನಿಂತುಹೋಗುತ್ತಿತ್ತು. ಅವಳ ತಾಯಿ ಬಿಳಿ ದಾರ ಇದೆಯಾ ದೊಡ್ಡಮ್ಮ ಎಂದು ಕೇಳಿಕೊಂಡು ನನ್ನಲ್ಲಿಗೆ ಪದೇ ಪದೇ ಬರತೊಡಗಿದಳು. ಕೊಟ್ಟೆ. ಯಾಕೆಂದು ಕೇಳಲಿಲ್ಲ. ಕೇಳದೆ ಇದ್ದರೆ ತಾನಾಗಿ ಕಿವಿಗೆ ಬೀಳುತ್ತದೆ, ನಾನು ಕಂಡುಕೊಂಡಿದ್ದು ಅಷ್ಟು.

ಅವನಿಗೆ ನಿದ್ದೆ ಬಾರದಾಯಿತು. ಒಂದು ದಿನ ಚೋಟುವಿನ ಪೆನ್ಸಿಲ್ ಡಬ್ಬಿಯನ್ನೇ ಹಿಡಿದುಕೊಂಡು ನನ್ನ ಮುಂದೆ ಬಂದು ಕೂತ. ಒಳಗೆ ರಬ್ಬರಿನ ಪಕ್ಕ ದಾರ ಪೋಣಿಸಿದ ಸೂಜಿ. ಶಾಲೆಯಲ್ಲಿ ಸೂಜಿಗೇನು ಕೆಲಸ, ಯಾರಾದರೂ ಚುಚ್ಚುತ್ತಿದ್ದಾರೆಯೇ, ಇವಳೇ ಯಾರನ್ನಾದರೂ ಚುಚ್ಚುತ್ತಿದ್ದಾಳೆಯೇ, ಸ್ವೆಟರಿನ ಒಳಗೆ ಏನಾದರೂ ಇಟ್ಟು ಹೊಲಿದುಕೊಳ್ಳುತ್ತಿದ್ದಾಳೆಯೇ ಎಂದು ಒಂದೊಂದೇ ಪೇರಿಸಿದ. ನಿನ್ನ ಮಗಳನ್ನೇ ಕೇಳಪ್ಪ ಎಂದೆ. ಕೇಳಿದರೆ ಹುಷಾರಾಗಿಬಿಡುತ್ತಾರೆ ಎಂದ.

ಅದಾದ ಮೇಲೆ ಶಾಲೆಯಿಂದ ಕರೆ ಬಂತು. ಖಾಕಿ ಬಟ್ಟೆಯಲ್ಲೇ ಹೋಗಿ ಬಂದ. ಬಂದವನ ಮುಖ ಇಳಿದುಹೋಗಿತ್ತು. ಟೀಚರು ಹೇಳಿದರಂತೆ: ಮೊದಲು ಈ ಹುಡುಗಿಯ ಕೈ ಎಲ್ಲರಿಗಿಂತ ಮುಂಚೆ ಮೇಲೆ ಇರುತ್ತಿತ್ತು, ಈಗ ಹಲಗೆಯ ಹತ್ತಿರ ಬಾ ಅಂದರೂ ಕೈ ಮಡಿಚಿಕೊಂಡು ಕೂರುತ್ತಾಳೆ, ಬರೆಯುವುದೂ ನಿಧಾನ. ಹೀಗೇ ಆದರೆ ನಿಧಾನ ಕಲಿಯುವವರ ಸೆಕ್ಷನ್ನಿಗೆ ಹಾಕಬೇಕಾಗುತ್ತದೆ. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ಯಾರೂ ಕಂಡಿಲ್ಲ ಎಂದು ಅವನೇ ಹೇಳಿದ.

"ಯಾರೋ ಹೆದರಿಸಿದಾರೆ ದೊಡ್ಡಮ್ಮ. ಇವರಿಬ್ಬರಿಗೂ ಗೊತ್ತಿದೆ, ನನಗೆ ಮಾತ್ರ ಮುಚ್ಚಿಡ್ತಿದಾರೆ. ಇವತ್ತು ಹಿಡೀತೀನಿ."

ಹೆಂಡತಿ ಆಗ ತಾನೇ ಕೆಲಸದಿಂದ ಬಂದಿದ್ದಳು. ನಾನು ನನ್ನ ಹೊಸ್ತಿಲಲ್ಲೇ ಕೂತಿದ್ದೆ. ಚೋಟು ಸ್ವೆಟರು ಹಾಕಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅವನು ಬಾಗಿಲಿಗೆ ಅಡ್ಡ ನಿಂತಿದ್ದ, ಗೇಟಿನಲ್ಲಿ ನಿಲ್ಲುವ ಹಾಗೆಯೇ, ಕಾಲು ಅಗಲಿಸಿ.

"ಸ್ವೆಟರು ತೆಗಿ" ಎಂದ.

ಹುಡುಗಿ ಅಮ್ಮನ ಮುಖ ನೋಡಿದಳು. ಅಮ್ಮ ಏನೋ ಹೇಳಲು ಬಾಯಿ ತೆರೆದಳು. ಅವನು ಕೈ ತೋರಿಸಿ ತಡೆದ. ಚೋಟು ನಿಧಾನವಾಗಿ ಸ್ವೆಟರು ತೆಗೆದು ಬ್ಯಾಗಿನ ಮೇಲಿಟ್ಟು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಂತಳು. ಅಲ್ಲೇನೋ ಅಡಗಿಸಿದ್ದಾಳೆ ಎಂದು ಅವನಿಗೆ ಆಗಲೇ ಖಾತ್ರಿಯಾಗಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ದಿನಾ ನೋಡುವವನು.

"ಕೈ ಮೇಲೆತ್ತು."

ಎತ್ತಲಿಲ್ಲ.

"ಎತ್ತೇ."

ಎತ್ತಿದಳು. ಕಂಕುಳಿನಿಂದ ಬೆನ್ನಿನವರೆಗೆ ಅಂಗಿ ಪರ್ರನೆ ಹರಿದ ಸದ್ದು ನನ್ನ ಹೊಸ್ತಿಲಿಗೂ ಕೇಳಿಸಿತು. ಹರಿದ ಕಡೆ ಹೊಲಿಗೆಯ ಮೇಲೆ ಹೊಲಿಗೆ, ನನ್ನ ಬಿಳಿ ದಾರವೇ, ಬಿಚ್ಚಿ ಅಗಲ ಮಾಡಲು ಒಳಗೆ ಒಂದು ನೂಲಿನಷ್ಟು ಬಟ್ಟೆಯೂ ಉಳಿದಿರಲಿಲ್ಲ. ಉದ್ದ ಸರಿಯಾಗಿಯೇ ಇತ್ತು. ಅದರಲ್ಲಿ ದಾರ ಸುಳ್ಳು ಹೇಳಿರಲಿಲ್ಲ. ಹುಡುಗಿ ಬೆಳೆದದ್ದು ಭುಜದಲ್ಲಿ, ಬೆನ್ನಿನಲ್ಲಿ, ಇವನ ಗಂಟುಗಳಿಲ್ಲದ ಕಡೆ.

ಅವನ ಬಾಯಿಗೆ ಮೊದಲು ಬಂದದ್ದು ಅಭ್ಯಾಸದ ಮಾತು: "ನೋಡಿದ್ರಾ? ಒಗೆದ ಮೇಲೆ ಕುಗ್ಗೋ ಬಟ್ಟೆ. ಆ ಟೇಪಮ್ಮ..."

ಚೋಟುವಿನ ಕೈ ಇನ್ನೂ ಮೇಲೆಯೇ ಇತ್ತು. ಇಳಿಸಬಹುದೋ ಬಾರದೋ ಗೊತ್ತಿಲ್ಲದವಳ ಹಾಗೆ.

"ಅಂಗಡಿಗೆ ಹೋಗಿ ಜಗಳ ಆಡಬೇಡಪ್ಪ" ಎಂದಳು. "ನಾನು ಕೈ ಎತ್ತದೇನೇ ಇರ್ತೀನಿ. ಆ ಸೆಕ್ಷನ್ನಿಗೇ ಹೋಗ್ತೀನಿ."

ಆಗ ಹೆಂಡತಿ ಬಂದು ಮಗಳ ಕೈ ಇಳಿಸಿದಳು. ಅವಳು ಗಂಡನಿಗೆ ಹೇಳಿದ್ದೂ ಸ್ವಲ್ಪವೇ. ಹುಡುಗಿಯರು ಶಾಲೆಯಲ್ಲಿ ಇವಳನ್ನು ಕಂಡರೆ ಜೇಬು ತಡಕಿಕೊಳ್ಳುವ ಹಾಗೆ ಮಾಡಿ ನಗುತ್ತಾರೆ, ಮತ್ತೊಂದು ಸಲ ಅಪ್ಪ ಅಂಗಡಿಯಲ್ಲಿ ಕೂಗಾಡುವುದಕ್ಕಿಂತ ಹರಿದದ್ದನ್ನೇ ಹಾಕಿಕೊಳ್ಳುತ್ತೇನೆಂದು ಅತ್ತಳು, ಅದಕ್ಕೇ ಹೇಳಲಿಲ್ಲ ಎಂದಳು. "ಮೊದಲು ನಾನು ಹೊಲಿದೆ. ಆಮೇಲೆ ಅವಳೇ ಕಲಿತ್ಕೊಂಡಳು. ಸ್ಕೂಲಲ್ಲಿ ಹರಿದರೆ ಅಂತ."

ಅವನು ಬಾಗಿಲು ಬಿಟ್ಟು ಸರಿದ. ಒಳಗೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ. ಗೋಡೆಗೆ ಒರಗಿ ನಿಂತು ತನ್ನ ಅಂಗೈ ನೋಡಿಕೊಂಡ.

ರಜೆಯ ದಿನ ಅವನು ನನ್ನ ಬಾಗಿಲು ತಟ್ಟಿ, ಜೊತೆಗೆ ಬನ್ನಿ ದೊಡ್ಡಮ್ಮ ಎಂದ. ಯಾಕಪ್ಪ ಎಂದರೆ, ನನ್ನ ಬಾಯಿ ನೀವು ನೋಡ್ಕೊಳ್ಳಿ ಎಂದ. ಹೋದೆವು. ಚೋಟು ನನ್ನ ಸೆರಗು ಹಿಡಿದುಕೊಂಡು ಹಿಂದೆ ಉಳಿಯುತ್ತಿದ್ದಳು. ಅಂಗಡಿಯ ಮೆಟ್ಟಿಲ ಹತ್ತಿರ ರೂಢಿಯಂತೆ ನಿಂತುಬಿಟ್ಟಳು. ಅವನು ತಿರುಗಿ ನೋಡಿ, ಒಳಗೆ ಬಾ ಎಂದ. ಅವಳು ಅಪ್ಪನ ಮುಖವನ್ನು ಪರೀಕ್ಷೆ ಮಾಡುವವಳಂತೆ ನೋಡಿ ಆಮೇಲೆ ಹತ್ತಿದಳು. ಅನುಮಾನ ಅಪ್ಪನ ಆಸ್ತಿ, ಮಗಳಿಗೆ ಬರದೆ ಇರುತ್ತದೆಯೇ.

ಟೇಪಮ್ಮ ಅವನನ್ನು ಕಂಡವಳೇ ಕೊರಳ ಟೇಪನ್ನು ಕೈಗೆ ಸುತ್ತಿಕೊಂಡಳು. ಚೀಲವನ್ನು ಇಲ್ಲಿಟ್ಟು ಒಳಗೆ ಬನ್ನಿ ಎಂದು ಗಲ್ಲಾಪೆಟ್ಟಿಗೆಯ ಪಕ್ಕ ಜಾಗ ತೋರಿಸಿದಳು. ಬೇರೆ ಯಾರಿಗೂ ಹಾಗೆ ಹೇಳಿದ್ದನ್ನು ನಾನು ಕಾಣಲಿಲ್ಲ. ಅವನ ಕತ್ತಿನ ನರ ಉಬ್ಬಿತು. ನಾನು ಕೆಮ್ಮಿದೆ. ಚೀಲ ಇಟ್ಟ.

ಅವಳು ಚೋಟುವಿಗೆ ಮೊದಲು ಒಂದು ಅಂಗಿ ತೊಡಿಸಿ, ಕೈ ಎತ್ತು, ಮುಂದೆ ಚಾಚು, ಹಿಂದೆ ಕಟ್ಟಿಕೋ, ಬಗ್ಗಿ ಶೂ ಲೇಸು ಕಟ್ಟು ಎಂದಳು. ಬಗ್ಗಿದಾಗ ಬೆನ್ನಿನಲ್ಲಿ ಬಿಗಿಯಿತು. ಅದನ್ನು ತೆಗೆದು ಇನ್ನೊಂದು. ಪ್ರತಿ ಸಲವೂ ಹುಡುಗಿ ಕನ್ನಡಿ ನೋಡಲಿಲ್ಲ, ಅಪ್ಪನನ್ನು ನೋಡಿದಳು. ಇದನ್ನು ಗಮನಿಸಿದವನು ಸರಕ್ಕನೆ ಬೆನ್ನು ತಿರುಗಿಸಿ ಬೀದಿಯ ಕಡೆ ಮುಖ ಮಾಡಿ ನಿಂತ. ಅಂಗಡಿಯಲ್ಲಿ ಅಂಗಿ ಬದಲಾಗುತ್ತಿದ್ದರೆ ಅವನು ಎದುರಿನ ಸೈಕಲ್ ರಿಪೇರಿಯವನು ಟ್ಯೂಬು ಉಜ್ಜುವುದನ್ನೇ ನೋಡುತ್ತಿದ್ದ.

"ಇದು ತೋಳು ಸ್ವಲ್ಪ ಉದ್ದ ಬರುತ್ತೆ" ಎಂದಳು ಟೇಪಮ್ಮ, ಜಗಳಕ್ಕೆ ತಯಾರಾಗಿ. "ಮಡಿಚಿ ಹೊಲೀಬೇಕು. ಆದ್ರೆ ಭುಜ ಕೂತಿದೆ. ಕೈ ಪೂರ್ತಿ ಮೇಲೆತ್ತಿದ್ರೂ ಅಂಗಿ ಸೊಂಟದಿಂದ ಏಳಲ್ಲ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವನು ತಿರುಗದೆಯೇ ಕೇಳಿದ: "ಚೋಟು, ಕೈ ಎತ್ತಕ್ಕೆ ಬರುತ್ತಾ?"

"ಬರುತ್ತಪ್ಪ."

"ನಿಜ ಹೇಳು. ಆ ಅಮ್ಮನಿಗೋಸ್ಕರ ಬೇಡ, ನನಗೋಸ್ಕರಾನೂ ಬೇಡ."

"ಬರುತ್ತೆ."

"ಹಾಗಾದ್ರೆ ಅದೇ."

ಟೇಪಮ್ಮ ಅಂಗಿ ಮಡಿಚುವುದನ್ನು ನಿಲ್ಲಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನಂಬರು ನೋಡಲ್ವಾ ಎಂದಳು. ಬೇಡ ಎಂದ. ಇವರಿಗೆ ಮೈ ಹುಷಾರಿಲ್ವಾ ಎಂದು ನನ್ನ ಕಿವಿಯಲ್ಲಿ ಕೇಳಿದಳು. ದುಡ್ಡು ತೆಗೆದುಕೊಂಡ ಮೇಲೂ ಅವಳ ಕಣ್ಣು ಅವನ ಕೈಗಳ ಮೇಲೆಯೇ ಇತ್ತು.

ಕೆಲವು ವಾರ ಕಳೆದು ಒಂದು ಬೆಳಿಗ್ಗೆ ಕೆಳಗಿನ ನಲ್ಲಿಯ ಹತ್ತಿರ ಸಿಕ್ಕಿದ. ಎರಡು ಬಕೆಟ್ಟು, ಒಂದು ಕೊಡ ಸಾಲಾಗಿಟ್ಟುಕೊಂಡಿದ್ದ. ಶಾಲೆಯಿಂದ ಮತ್ತೆ ಕರೆದಿದ್ದರಂತೆ. ಸೆಕ್ಷನ್ನಿನ ಮಾತು ಬಿಟ್ಟಿದ್ದಾರೆ. ಈಗ ಬೇರೆ ದೂರು: ಪ್ರಶ್ನೆ ಮುಗಿಯುವ ಮುಂಚೆಯೇ ಕೈ ಎತ್ತುತ್ತಾಳೆ, ಬೇರೆಯವರಿಗೆ ಅವಕಾಶವೇ ಇಲ್ಲ.

"ಎತ್ತದಿದ್ರೂ ದೂರು, ಎತ್ತಿದ್ರೂ ದೂರು. ಈ ಟೀಚರಮ್ಮನ ಮನಸ್ಸಲ್ಲಿ ಏನಿರಬಹುದು ದೊಡ್ಡಮ್ಮ?"

"ಏನೂ ಇಲ್ಲ ಕಣಪ್ಪ."

"ಏನೂ ಇಲ್ಲದೆ ಯಾರಾದ್ರೂ ಕರೆಸ್ತಾರಾ?" ಎಂದ. ಹೇಳುವಾಗ ಬಾಯಿಯ ಒಂದು ಮೂಲೆ ನಗುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ಮುಖ ಬಿಗಿದುಕೊಂಡ. ಕೊಡ ತುಂಬಿತು. ಅದನ್ನು ಪಕ್ಕಕ್ಕೆ ಸರಿಸಿ, ಖಾಲಿ ಬಕೆಟ್ಟಿನ ತಳಕ್ಕೆ ಒಂದಿಷ್ಟು ನೀರು ಬಿಟ್ಟು ಕೈಯಿಂದ ಉಜ್ಜಿ ತೊಳೆದು ಚೆಲ್ಲಿದ. ಆಮೇಲೆ ನಲ್ಲಿಯ ಕೆಳಗೆ ಹಿಡಿದ.