ಹಿಂದಿನ ಸೀಟಿನ ಅಳತೆಯಮ್ಮ

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಅಳತೆಯಮ್ಮ ಎಂದೇ. ಕೆಲಸ ಸೀಟಿನ ಕವರು ಹೊಲಿಯುವುದು. ಮೂವತ್ತೆರಡು ವರ್ಷದಿಂದ ಒಂದೇ ಕಾರಿನ ಸೀಟು. ಏಳೆಂಟು ವರ್ಷಕ್ಕೊಮ್ಮೆ ಅದೇ ಹೆಸರಿನಲ್ಲಿ ಹೊಸ ತಲೆಮಾರಿನ ಕಾರು ಹುಟ್ಟುತ್ತದೆ, ಪ್ರತಿ ಸಲವೂ ಅರ್ಧ ಗೇಣು ಉಬ್ಬಿರುತ್ತದೆ. ಜಾಹೀರಾತಿನಲ್ಲಿ ಮಾತ್ರ ಇಂದಿಗೂ ‘ಚಿಕ್ಕ ಕಾರು’.

ಹೊಸ ತಲೆಮಾರಿಗೆ ತಗಡು ಕತ್ತರಿಸುವ ಮೊದಲು ಅಲ್ಲೊಂದು ಪದ್ಧತಿಯುಂಟು. ಪ್ಲೈವುಡ್ಡಿನಲ್ಲಿ ಕಾರಿನ ಅಸ್ಥಿಪಂಜರ ಕಟ್ಟಿ, ಸೀಟು, ಸ್ಟೀರಿಂಗು, ಪೆಡಲು ಜೋಡಿಸಿ, ಕೆಲಸಗಾರರನ್ನೇ ಕರೆದು ಕೂರಿಸುತ್ತಾರೆ. ಮಂಡಿಗೆಷ್ಟು ಜಾಗ, ತಲೆಗೆಷ್ಟು ಜಾಗ ಎಂದು ಟೇಪು ಹಿಡಿದು ಫಾರಮ್ಮಿನಲ್ಲಿ ಬರೆಯುತ್ತಾರೆ. ಮುಂದಿನ ಸೀಟಿಗೆ ಬಣ್ಣದ ವಿಭಾಗದ ಉದ್ದನೆಯ ಆಸಾಮಿ. ಹಿಂದಿನ ಸೀಟಿಗೆ ನಾಲ್ಕಡಿ ಹತ್ತಿಂಚಿನ ಈಕೆ. ಹೆಣ್ಣೆಂದರೆ ಹಿಂದೆ ಕೂರಿಸುವ ಸಾಮಾನು ಎಂದು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಫಾರಮ್ಮಿನಲ್ಲೇ ಅಚ್ಚಾಗಿತ್ತು.

ಮೊದಲ ಸಲ ಕೂತಾಗ ಆಕೆಗೆ ಇಪ್ಪತ್ತೈದು, ಹೊಟ್ಟೆಯಲ್ಲಿ ಐದು ತಿಂಗಳ ಮಗಳು. ಹೊಲಿಗೆ ವಿಭಾಗದವರು, ‘ಹೋಗಿ ಬಾರಮ್ಮ, ಪುಕ್ಕಟೆ ಸವಾರಿ, ಚಕ್ರ ಇಲ್ಲ ಅಷ್ಟೆ’ ಎಂದು ರೇಗಿಸಿ ಕಳಿಸಿದ್ದರು. ಅಳತೆ ಮುಗಿದ ಮೇಲೆ ಮೇಲ್ವಿಚಾರಕರು ತಮಾಷೆಗೆ ಆಕೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಸೀಟನ್ನು ಎಷ್ಟು ಮುಂದಕ್ಕೆಳೆದರೂ ಕಾಲು ಪೆಡಲಿಗೆ ನಾಲ್ಕು ಬೆರಳು ದೂರದಲ್ಲೇ ತೂಗಾಡುತ್ತಿತ್ತು. ಅವರು, ಕಾಲು ಎಟಕಲ್ವೇನಮ್ಮಾ ಎಂದರು.

“ನಾನೇನು ಓಡಿಸ್ಬೇಕಾ ಸಾರ್?” ಎಂದು ನಕ್ಕು ಈಕೆ ಇಳಿದುಬಿಟ್ಟಳು. ಎಲ್ಲರೂ ನಕ್ಕರು. ಆ ನಾಲ್ಕು ಬೆರಳನ್ನು ಯಾರೂ ಬರೆದುಕೊಳ್ಳಲಿಲ್ಲ.

ಎರಡನೆಯ ತಲೆಮಾರಿಗೆ ಮೂಲೆಗಳು ದುಂಡಗಾದವು, ಹಿಂದಿನ ಸೀಟಿಗೂ ಬೆಲ್ಟು ಬಂತು. ಮೂರನೆಯದಕ್ಕೆ ಗಾಳಿಚೀಲ, ಗುಂಡಿ ಒತ್ತಿದರೆ ಇಳಿಯುವ ಗಾಜು. ಮುಂದಿನ ಸೀಟು ಜಾರುವ ಹಳಿ ಮಾತ್ರ ಹುಟ್ಟಿದಾಗ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ನಿಲ್ಲುತ್ತಿತ್ತು.

ಮಗಳು ಬೆಳೆದು ನರ್ಸಾದಳು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ. ಓಡಾಟಕ್ಕೆ ಎರಡನೆಯ ತಲೆಮಾರಿನ ಹಳೆಯ ಕಾರು. ಎತ್ತರ ಅಮ್ಮನದೇ, ಹಾಗಾಗಿ ಬೆನ್ನಿಗೊಂದು ದಿಂಬು. ಒಂದು ಬೆಳಗ್ಗೆ ಯಾರೋ ಅಡ್ಡ ಬಂದರೆಂದು ಗಕ್ಕನೆ ಬ್ರೇಕು ಒತ್ತಿದಾಗ ದಿಂಬು ಪಕ್ಕಕ್ಕೆ ಜಾರಿತು, ಕಾಲು ಬ್ರೇಕಿನಿಂದ ತಪ್ಪಿತು, ಕಾರು ಕಂಬಕ್ಕೆ ಗುದ್ದಿತು. ಎದೆಮೂಳೆ ಬಿರುಕು ಬಿಟ್ಟು ಎರಡು ತಿಂಗಳು ಮಲಗಿದಳು. ನೋಡಲು ಬಂದವರೆಲ್ಲ, ಹುಷಾರಾಗಿ ಓಡಿಸಬಾರದಿತ್ತೇ ಎಂದು ಬುದ್ಧಿ ಹೇಳಿ ಹೋದರು. ಅಮ್ಮನಿಗೆ ಮಾತ್ರ ಅಂದು ತಾನು ನಕ್ಕು ಇಳಿದದ್ದೇ ನೆನಪಾಗುತ್ತಿತ್ತು.

ನಾಲ್ಕನೆಯ ತಲೆಮಾರಿನ ಅಳತೆಗೆ ಕರೆದಾಗ ಹಳಿಯನ್ನು ಮುಂದಕ್ಕೆ ತನ್ನಿ ಎಂದು ಕೇಳಿದಳು. ಕಂಪನಿಯ ಇನ್ನೆರಡು ಕಾರಿಗೂ ಅದೇ ಹಳಿ, ಮುಟ್ಟುವ ಹಾಗಿಲ್ಲ ಎಂದರು. ಆದರೂ ಕಂಪನಿ ಕಿವಿಗೊಟ್ಟಿತು ನೋಡಿ! ಆರು ತಿಂಗಳ ಮೇಲೆ ಬಿಡಿಸಾಮಾನಿನ ಪಟ್ಟಿಯಲ್ಲಿ ಹೊಸದೊಂದು ಸೇರಿತು: ಬೆನ್ನುದಿಂಬು, ಜಾರದಂತೆ ಎರಡು ಪಟ್ಟಿ ಸಮೇತ. ಮೂಗಿಗೆ ತುಪ್ಪ ಸವರುವುದು ಎಂದರೆ ಇದು. ಅದರ ಮೊದಲ ಮಾದರಿ ಹೊಲಿಯಲು ಕೊಟ್ಟದ್ದೂ ಈಕೆಗೇ. ಹೊಲಿದಳು. ದಪ್ಪ ನಾಲ್ಕು ಬೆರಳು. ಮಗಳಿಗೊಂದು ತಂದುಕೊಟ್ಟಳು.

ಐದನೆಯ ತಲೆಮಾರಿನ ಹೊತ್ತಿಗೆ ಆಕೆಗೆ ಐವತ್ತಾರು, ಎರಡೂ ಮಂಡಿ ನೋವು. ಈ ಸಲ ಟೇಪು ಹಿಡಿದವಳು ಹೊಸ ಇಂಜಿನಿಯರು, ಮಗಳ ವಾರಿಗೆಯವಳು. ಅಳತೆಯಮ್ಮ ಯಾರನ್ನೂ ಕೇಳದೆ ಮುಂದಿನ ಬಾಗಿಲಿನಿಂದ ಹತ್ತಿ ಸ್ಟೀರಿಂಗಿನೆದುರು ಕೂತಳು.

“ಅಮ್ಮಾ, ನಿಮ್ಮದು ಹಿಂದೆ.”

“ಹಿಂದೆ ಕೂತು ಕೂತು ಸಾಕಾಗಿದೆ ಕಣವ್ವ. ಕಾಲು ನೋಡು, ಎಲ್ಲಿದೆ ಬರ್ಕೊ.”

“ಇದಕ್ಕೆ ಫಾರಮ್ಮಲ್ಲಿ ಕಾಲಂ ಇಲ್ಲಮ್ಮ.”

“ಇಲ್ಲ ಅಂತ ನಂಗೂ ಗೊತ್ತು. ಇಳಿಯೋಕೂ ಮಂಡಿ ನೋವು. ಬರೆಯೋವರೆಗೂ ಇಲ್ಲೇ ಇರ್ತೀನಿ.”

ಬಣ್ಣದ ವಿಭಾಗದ ಉದ್ದನೆಯವನು ತನ್ನ ಸರದಿಗೆಂದು ಕಾದು ಕಾದು ಚಹಾ ಕುಡಿಯಲು ಹೋದ. ಅವನು ಅತ್ತ ಹೋಗುತ್ತಲೇ ಆ ಹುಡುಗಿ ದನಿ ತಗ್ಗಿಸಿ, “ನಾನೂ ದಿಂಬು ಇಟ್ಕೊಂಡೇ ಓಡಿಸೋದಮ್ಮ, ನಮ್ಮ ಕಂಪನಿದೇ” ಎಂದಳು.

“ಗೊತ್ತು ಬಿಡು. ನಾನೇ ಹೊಲಿದಿದ್ದು.”

ಹುಡುಗಿ ಬಗ್ಗಿ ಕೂತು ಪಾದದಿಂದ ಪೆಡಲಿಗೆ ಟೇಪು ಹಿಡಿದಳು. ಕಾಲಂ ಇಲ್ಲದ್ದರಿಂದ ಫಾರಮ್ಮಿನ ಅಂಚಿನಲ್ಲಿ ಅಡ್ಡಡ್ಡ ಬರೆದು, ಕೆಳಗೆ ತನ್ನ ಸಹಿ ಹಾಕಿದಳು. ಅಳತೆಯಮ್ಮನೂ ಸಹಿ ಹಾಕಿದಳು.

ಆ ಅಂಚಿನ ಬರಹ ಮೇಜಿನಿಂದ ಮೇಜಿಗೆ ಅಲೆಯಿತು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು. ಹಳಿ ಮುಂದೆ ಬರುತ್ತದೆ, ನಾಲ್ಕು ಬೆರಳಲ್ಲ, ಎರಡು. ಉಳಿದೆರಡಕ್ಕೆ ಮುಂದಿನ ತಲೆಮಾರಿನ ತನಕ ಕಾಯಬೇಕಂತೆ. ಅಂದರೆ ಇನ್ನೆಂಟು ವರ್ಷ. ಮೂವತ್ತೊಂದು ವರ್ಷಕ್ಕೆ ಎರಡು ಬೆರಳು. ಈ ಲೆಕ್ಕಕ್ಕೆ ಪ್ರಗತಿ ಎನ್ನುವವರ ನಾಲಿಗೆಗೆ ಏನೆನ್ನಬೇಕೋ ನನಗೆ ತಿಳಿಯದು.

ಆ ಕಾರು ರಸ್ತೆಗಿಳಿದ ವರ್ಷ ಮಗಳ ಸಂಸ್ಥೆ ನರ್ಸುಗಳ ಓಡಾಟಕ್ಕೆಂದು ಅದನ್ನೇ ತಂದಿತು. ಮೊದಲ ದಿನ ಮಗಳು ಮನೆ ಮುಂದೆ ನಿಲ್ಲಿಸಿ, ಈಗ ಸೀಟು ಪೂರ್ತಿ ಮುಂದಕ್ಕೆಳೆದು ದಿಂಬು ಇಟ್ಟರೆ ಸ್ಟೀರಿಂಗು ಎದೆಗೊತ್ತುತ್ತದೆ, ತೆಗೆದರೆ ಕಾಲಿಗೆ ಪೆಡಲು ಸಿಕ್ಕುವುದಿಲ್ಲ ಎಂದಳು.

ಅಮ್ಮ ದಿಂಬನ್ನು ಒಳಗೆ ಒಯ್ದು, ಕನ್ನಡಕ ಹಾಕಿಕೊಂಡು, ತನ್ನದೇ ಹೊಲಿಗೆಯನ್ನು ಒಂದು ಕಡೆಯಿಂದ ಬಿಚ್ಚಿದಳು. ಸ್ಪಂಜನ್ನು ಸೀಳಿ ಎರಡು ಬೆರಳು ದಪ್ಪದಷ್ಟು ಹೊರತೆಗೆದು, ಉಳಿದದ್ದನ್ನು ಒಳಗಿಟ್ಟು ಮತ್ತೆ ಹೊಲಿಯತೊಡಗಿದಳು. ಮಗಳು ಅವಸರ ಮಾಡಿದಳು, ರೋಗಿಗಳು ಕಾಯುತ್ತಿದ್ದರು.

“ಇರು, ಗಟ್ಟಿಯಾಗಿ ಹಾಕ್ತೀನಿ” ಎಂದಳು ಅಮ್ಮ. “ಇನ್ನೂ ಎಂಟು ವರ್ಷ ಬಾಳಬೇಕಿದು.”